ಬೀಗ ಹಾಕಿದ ಮನೆಯ ಅಜ್ಜಿ

ಡಿಜಿಟಲ್ ಸೇವೆಯಿಂದ ಜನರ ಬದುಕು ಎಷ್ಟು ಬದಲಾಗಿದೆ ಅಂತ ಅಳೆಯೋಕೆ ಸಿಂಧನೂರು ಕಡೆಯ ನಮ್ಮೂರಿಗೂ ಒಬ್ಬ ಹುಡುಗ ಟ್ಯಾಬ್ ಹಿಡಿದು ಬಂದಿದ್ದ. ಪ್ರಶ್ನೆ ಶುರುವಾಗಬೇಕಾದರೆ ಮೊದಲು ಓಟಿಪಿ ಬರಬೇಕಂತೆ.

"ಓಟಿಪಿ ಬಂತೇನಮ್ಮಾ?" ಅಂತ ಪಕ್ಕದ ಮನೆಯ ಅಜ್ಜಿಯನ್ನು ಕೇಳಿದ.

"ಅದು ಮಗನ ಫೋನಿಗೆ ಬರ್ತೈತಪ್ಪಾ. ಅಂವ ಬೆಂಗಳೂರಾಗ ಗೌಂಡಿ ಕೆಲಸಕ್ಕ ಹೋಗ್ಯಾನ."

ಮಗ ಮೂರನೇ ಸಲಕ್ಕೆ ಫೋನ್ ಎತ್ತುವಷ್ಟರಲ್ಲಿ ಓಟಿಪಿ ಸತ್ತಿತ್ತು.

ಹುಡುಗ ಬೆರಳಚ್ಚಿನ ಯಂತ್ರ ತೆಗೆದ. ಅಜ್ಜಿಗೆ ಇದೆಲ್ಲ ರೂಢಿ. ರೇಷನ್ ಅಂಗಡಿಯಲ್ಲಿ ಕಲಿತಿದ್ದು. ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿದಳು, ತಲೆಗೂದಲಿಗೆ ತಿಕ್ಕಿ ಎಣ್ಣೆ ಹಚ್ಚಿಕೊಂಡಳು, ಒತ್ತಿದಳು. ಹತ್ತಲಿಲ್ಲ. ಹತ್ತಿ ಬಿಡಿಸಿ, ಕಳೆ ಕಿತ್ತು, ಬೆರಳಿನ ಗೆರೆಯನ್ನೆಲ್ಲ ಹೊಲಕ್ಕೇ ಕೊಟ್ಟು ಬಂದಿದ್ದಾಳೆ.

"ಸಹಿ ಮಾಡ್ತೀನಿ ತಗೋ" ಅಂದಳು. 1990ರ ದಶಕದ ಸಾಕ್ಷರತಾ ಆಂದೋಲನದಲ್ಲಿ ಕಂದೀಲು ಬೆಳಕಲ್ಲಿ ಹೆಸರು ಬರೆಯೋದು ಕಲಿತವಳು. ಹೆಬ್ಬೆಟ್ಟು ಒತ್ತೋದು ನಾಚಿಕೆ ಅಂತ ಆಗ ಹೇಳಿಕೊಟ್ಟಿದ್ದರು.

"ಸಹಿ ನಡೆಯಲ್ಲಮ್ಮಾ, ಹೆಬ್ಬೆಟ್ಟೇ ಬೇಕು."

ಅಷ್ಟರಲ್ಲಿ ಕರೆಂಟ್ ಹೋಯಿತು, ಹಿಂದೆಯೇ ನೆಟ್‌ವರ್ಕೂ ಹೋಯಿತು. 1720 ಮೆಗಾವಾಟಿನ ಶಕ್ತಿನಗರ ವಿದ್ಯುತ್ ಸ್ಥಾವರ ಇರೋದು ನಮ್ಮದೇ ಜಿಲ್ಲೆಯಲ್ಲಿ, ಅದು ಬೇರೆ ಮಾತು.

ಹಾಗಂತ ಎಲ್ಲಾ ಕೆಟ್ಟಿದೆ ಅನ್ನಲಾರೆ. ಜಮೀನಿನ ದಾಖಲೆಯನ್ನೆಲ್ಲ ಕಂಪ್ಯೂಟರಿಗೆ ಹಾಕಿದ 'ಭೂಮಿ' ಬಂದ ಮೇಲೆ ಪಹಣಿಗೆ ಶಾನುಭೋಗರ ಹಿಂದೆ ಅಲೆಯೋದು ತಪ್ಪಿತು. ಈಗ ಸರ್ವರ್ ಹಿಂದೆ ಅಲೀತೀವಿ, ಅಷ್ಟೇ. ಶಾನುಭೋಗರಾದರೆ ಸಂಜೆ ಕಟ್ಟೆ ಮೇಲಾದರೂ ಸಿಗುತ್ತಿದ್ದರು. ಈ ಸರ್ವರ್ ಅನ್ನೋನ ಮುಖ ನಮ್ಮೂರಲ್ಲಿ ಯಾರೂ ನೋಡಿಲ್ಲ.

ಸರ್ಕಾರಿ ಕೆಲಸ ಗಡುವಿನೊಳಗೆ ಆಗದೆ ತಡವಾದರೆ ಕೇಳೋಕೆ 2012ರಿಂದ 'ಸಕಾಲ' ಯೋಜನೆ ಇದೆ, ಅಲ್ವಾ? ಇದೆ. ಆದರೆ ಗಡುವಿನ ದಿನ ಎಣಿಸೋದು ಅರ್ಜಿ ದಾಖಲಾದ ಮೇಲೆ. ಅರ್ಜಿಯೇ ಅಪ್‌ಲೋಡ್ ಆಗದಿದ್ದರೆ ತಡ ಅನ್ನೋ ಮಾತೇ ಇಲ್ಲ. ಎಂಥ ಅಚ್ಚುಕಟ್ಟು ನೋಡಿ!

ಸಮೀಕ್ಷೆಯದ್ದೂ ಅದೇ ಲೆಕ್ಕ. ಸಂಜೆ ಹುಡುಗನ ಟ್ಯಾಬ್ ಇಣುಕಿದೆ. ಉತ್ತರ ಕೊಟ್ಟವರು ನಾಲ್ಕು ಜನ, ತೃಪ್ತರು ನಾಲ್ಕು ಜನ. ಓಟಿಪಿ ಬಂದವರು ತೃಪ್ತರಾಗದೆ ಇನ್ನೇನು? ಆ ನಾಲ್ವರಲ್ಲಿ ಒಬ್ಬ, ಒಂದೊಂದು ಅರ್ಜಿ ತುಂಬೋಕೆ ಐವತ್ತು ರೂಪಾಯಿ ತಗೊಳ್ಳುವ ಆನ್‌ಲೈನ್ ಸೆಂಟರಿನವನು. ಅವನ ಬದುಕಂತೂ ಖರೇನೇ ಬದಲಾಗಿದೆ. ಹೊಸ ಬೈಕ್ ತಗೊಂಡಿದ್ದಾನೆ.

"ಅಜ್ಜಿದು ಏನಂತ ಹಾಕ್ತೀಯಪ್ಪ?" ಅಂದೆ.

"ಹೆಬ್ಬೆಟ್ಟು ಹತ್ತಲಿಲ್ಲ ಅಂತ ಹಾಕೋಕೆ ಇದರಲ್ಲಿ ಜಾಗ ಇಲ್ಲ ಸಾರ್" ಅಂದವನು ಸುಮ್ನೆ 'ಮನೆಗೆ ಬೀಗ ಹಾಕಿದೆ' ಅನ್ನೋದನ್ನ ಒತ್ತಿದ.

ಬೀಗ ಹಾಕಿದ ಮನೆಯಿಂದ ಅಜ್ಜಿ ಒಂದು ಚೊಂಬು ಮಜ್ಜಿಗೆ ತಂದು ಅವನ ಕೈಗೆ ಕೊಟ್ಟಳು. "ಬಿಸಿಲಾಗ ಬಂದೀಯಪ್ಪಾ, ಕುಡಿ."