ಓಡಬೇಡಿ, ಕಾಫಿ ಮಾತ್ರ ಕುಡಿಯಿರಿ

ಇಂದಿರಾನಗರದ ಪಾರ್ಕೊಂದರ ಬೋರ್ಡು 2025ರಲ್ಲಿ ಮೊಬೈಲಿನಿಂದ ಮೊಬೈಲಿಗೆ ಓಡಿತು. ಓಡೋಕೆ ಅವಕಾಶ ಸಿಕ್ಕಿದ್ದು ಬೋರ್ಡಿಗೆ ಮಾತ್ರ, ಯಾಕೆಂದರೆ ಅದರಲ್ಲಿ ಬರೆದಿದ್ದೇ ಪಾರ್ಕಿನಲ್ಲಿ ಜಾಗಿಂಗ್ ಮಾಡಬಾರದು ಅಂತ. ಜೊತೆಗೆ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ನಡೆಯಬಾರದು. ಅಸಭ್ಯವಾಗಿ ಕೂರಬಾರದು. ಜನ ನಕ್ಕರು, ಬೈದರು, ಮೀಮ್ ಮಾಡಿದರು. ನನಗಂತೂ ಬೋರ್ಡು ಬರೆಸಿದವರ ಮೇಲೆ ಗೌರವ ಜಾಸ್ತಿಯಾಯಿತು.

ನೀವೇ ಯೋಚನೆ ಮಾಡಿ. ನಮ್ಮ ಬಡಾವಣೆ ಪಾರ್ಕು ಅಂದರೆ ಎಷ್ಟು ಮಹಾ ದೊಡ್ಡದು? ಸುತ್ತ ಇಂಟರ್‌ಲಾಕ್ ಕಲ್ಲಿನ ದಾರಿ, ನಡುವೆ ಒಂದಿಷ್ಟು ಹುಲ್ಲು, ಮೂಲೆಯಲ್ಲಿ ತುಕ್ಕು ಹಿಡಿದ ಜಿಮ್ ಸಾಮಾನು. ಎಲ್ಲರೂ ಒಂದೇ ದಿಕ್ಕಿಗೆ ಹೋದರೆ ಮುಂದಿನವರ ಬೆನ್ನು ನೋಡಿಕೊಂಡು ನೆಮ್ಮದಿಯಾಗಿ ಸುತ್ತಬಹುದು. ಒಬ್ಬ ಆಸಾಮಿ ಎದುರು ದಿಕ್ಕಿನಿಂದ ಬಂದರೆ ಸುತ್ತಿಗೆ ಎರಡು ಸಲ ಸಿಗುತ್ತಾನೆ. ಮೊದಲ ಸಲ ನಮಸ್ಕಾರ, ಎರಡನೇ ಸಲ ‘ತಿಂಡಿ ಆಯ್ತಾ’, ಮೂರನೇ ಸಲ ಸುಮ್ನೆ ಒಂದು ನಗು, ನಾಲ್ಕನೇ ಸಲ ಏನು ಮಾಡೋದು? ಮೊಬೈಲ್ ನೋಡುವ ನಾಟಕ ಆಡಬೇಕು, ಇಲ್ಲಾ ಮರದ ಮೇಲೆ ಹಕ್ಕಿ ಹುಡುಕಬೇಕು. ಅದೂ ಅಲ್ಲದೆ, ದೇವಸ್ಥಾನದಲ್ಲಿ ಯಾರಾದರೂ ಅಪ್ರದಕ್ಷಿಣೆ ಹಾಕುತ್ತಾರಾ? ಪಾರ್ಕಿನ ನಡುವೆ ದೇವರೆಲ್ಲಿದ್ದಾನೆ ಅಂತ ಕೇಳಬೇಡಿ. ಮಾಜಿ ಕಾರ್ಪೊರೇಟರ್ ಹೆಸರು ಕೆತ್ತಿದ ಉದ್ಘಾಟನೆ ಕಲ್ಲಿದೆ. ಅವರ ಅವಧಿ ಮುಗಿದದ್ದು 2020ರಲ್ಲಿ. ಕಲ್ಲಿಗೆ ಅವಧಿ ಅನ್ನೋದೇ ಇಲ್ಲ.

ಇಂಥ ಬೋರ್ಡಿನ ಪಕ್ಕ ನಿಂತಿರುವ ಸೆಕ್ಯುರಿಟಿಯವರ ಪಾಡು ನೋಡಿ. ಶೂ ಕಟ್ಟಿಕೊಂಡು ಬಂದವನಿಗೆ ಅವರು ಸೀಟಿ ಊದಬೇಕು.

“ಸಾರ್, ಓಡ್ಬೇಡಿ ಸಾರ್.”

“ಯಾಕಪ್ಪಾ?”

“ಬೋರ್ಡ್ ಹಾಕವ್ರೆ ಸಾರ್.”

“ಬೇಗ ಬೇಗ ನಡೀಬಹುದಾ?”

ಈ ಪ್ರಶ್ನೆಗೆ ಬೋರ್ಡಿನಲ್ಲಿ ಉತ್ತರವಿಲ್ಲ. ನಡಿಗೆ ಎಲ್ಲಿ ಮುಗಿಯುತ್ತದೆ, ಓಟ ಎಲ್ಲಿ ಶುರುವಾಗುತ್ತದೆ ಅಂತ ತೀರ್ಮಾನ ಮಾಡೋಕೆ ಒಲಿಂಪಿಕ್ಸ್ ನಡಿಗೆ ಸ್ಪರ್ಧೆಯಲ್ಲಿ ದಾರಿಯುದ್ದಕ್ಕೂ ತೀರ್ಪುಗಾರರನ್ನು ನಿಲ್ಲಿಸುತ್ತಾರೆ. ಎರಡೂ ಕಾಲು ಒಟ್ಟಿಗೆ ನೆಲ ಬಿಟ್ಟಿದ್ದು ಕಣ್ಣಿಗೆ ಬಿದ್ದರೆ ತಪ್ಪು. ಇಲ್ಲಿ ಆ ಕೆಲಸವನ್ನೆಲ್ಲ ಒಬ್ಬರೇ ಮಾಡಬೇಕು. ಗೇಟೂ ಕಾಯಬೇಕು, ಗಿಡಕ್ಕೆ ನೀರೂ ಬಿಡಬೇಕು.

ಓಟ ಅಂದರೆ ಯಾಕಿಷ್ಟು ಸಿಟ್ಟು? ಹಿರಿಯರಿಗೆ ಡಿಕ್ಕಿ ಹೊಡೆಯುತ್ತಾರೆ, ಮಕ್ಕಳು ಬೀಳುತ್ತಾರೆ ಅನ್ನುತ್ತಾರೆ. ಇರಬಹುದು. ನನ್ನ ಅನುಮಾನ ಬೇರೆ. ಬೆಂಗಳೂರಿನಲ್ಲಿ 2008ರಿಂದ ವರ್ಷಕ್ಕೊಮ್ಮೆ ವರ್ಲ್ಡ್ 10ಕೆ ಓಟ ನಡೆಯುತ್ತದೆ. ಗೆಲ್ಲುವ ಗಂಡಸರು 10 ಕಿ.ಮೀ.ಯನ್ನು 28 ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತಾರೆ, ಹೆಂಗಸರು 31ರ ಆಸುಪಾಸಿನಲ್ಲಿ. ಅದೇ 10 ಕಿ.ಮೀ.ಗೆ ಕಾರಿನಲ್ಲಿ ಎಷ್ಟು ಹೊತ್ತು ಬೇಕು ಅಂತ ಟಾಮ್‌ಟಾಮ್ ಕಂಪನಿ ಲೆಕ್ಕ ಹಾಕಿದೆ. 2024ರ ಸರಾಸರಿ 34 ನಿಮಿಷ 10 ಸೆಕೆಂಡ್. ಅಂದರೆ ಲಕ್ಷಾಂತರ ರೂಪಾಯಿ ಸಾಲ ಮಾಡಿ, ರಸ್ತೆ ತೆರಿಗೆ ಕಟ್ಟಿ, ಏಸಿ ಹಾಕಿಕೊಂಡು ಕೂತ ಸಭ್ಯ ನಾಗರಿಕನನ್ನು ಚಡ್ಡಿ ಹಾಕಿದವನೊಬ್ಬ ಬರೀ ಕಾಲಿನಲ್ಲಿ ಹಿಂದೆ ಹಾಕಿ ಹೋಗಬಹುದು! ಈ ಗುಟ್ಟು ಊರಿಗೆಲ್ಲ ಗೊತ್ತಾದರೆ ಫ್ಲೈಓವರ್ ಯಾರಿಗೆ ಬೇಕು, ಸುರಂಗ ರಸ್ತೆ ಯಾರಿಗೆ ಬೇಕು? ಓಟವನ್ನು ಪಾರ್ಕಿನ ಮಟ್ಟದಲ್ಲೇ ಚಿವುಟಿ ಹಾಕೋದು ಒಳ್ಳೆಯದು ಅಲ್ವಾ.

ಪಾರ್ಕು ಬಿಟ್ಟು ಫುಟ್‌ಪಾತಿಗೆ ಬಂದಿರಾ? ಅಲ್ಲಿ ಬೋರ್ಡೇ ಬೇಕಿಲ್ಲ. ಚರಂಡಿ ಮೇಲೆ ಹಾಸಿದ ಕಲ್ಲುಚಪ್ಪಡಿ ಕಾಲಿಟ್ಟ ತಕ್ಷಣ ‘ಟಕ್’ ಅಂತ ವಾಲುತ್ತದೆ. ಅದನ್ನು ದಾಟಿದರೆ ಟ್ರಾನ್ಸ್‌ಫಾರ್ಮರ್. ಅದನ್ನು ಬಳಸಿಕೊಂಡು ಹೋದರೆ ಸುರುಳಿ ಸುತ್ತಿಟ್ಟ ಇಂಟರ್ನೆಟ್ ಕೇಬಲ್ಲು, ಆಮೇಲೆ ಯಾರದೋ ಮನೆ ಕಾರು ಹತ್ತೋಕೆ ಕಟ್ಟಿದ ಇಳಿಜಾರು, ಅದರ ಪಕ್ಕ ಜಲ್ಲಿ ರಾಶಿ, ಅದರ ಮೇಲೆ ಮಲಗಿದ ನಾಯಿ. ನಡೆಯುವವರನ್ನು ಕಂಡರೆ ಬಾಲ ಅಲ್ಲಾಡಿಸುವ ಅದೇ ನಾಯಿ ಓಡುವವನನ್ನು ಕಂಡರೆ ಕಳ್ಳ ಅಂತ ತೀರ್ಮಾನ ಮಾಡಿಬಿಡುತ್ತದೆ. ಅದೂ ಬೋರ್ಡು ಓದಿರಬೇಕು.

2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆ ಬಂದಿವೆ. ಇದು ನಿಜಕ್ಕೂ ಒಳ್ಳೆಯ ಅವಕಾಶ. ಪೂರ್ವದಲ್ಲಿ ಎಡಕ್ಕೆ, ಪಶ್ಚಿಮದಲ್ಲಿ ಬಲಕ್ಕೆ, ಕೇಂದ್ರದಲ್ಲಿ ನಿಂತಲ್ಲೇ ಅಂತ ಐದು ನಿಯಮ ಮಾಡಬಹುದು. ಗಡಿ ದಾಟುವ ಓಟಗಾರರಿಗೆ ಪರ್ಮಿಟ್ಟು, ಅದಕ್ಕೊಂದು ಕೌಂಟರು, ಕೌಂಟರಿಗೆ ಊಟದ ವಿರಾಮ.

ಇಷ್ಟೆಲ್ಲಾ ಕಷ್ಟದ ನಡುವೆಯೂ ಜನ ಓಡುತ್ತಾರೆ, ಯಾಕೆಂದರೆ ಕೊನೆಯಲ್ಲಿ ಕಾಫಿ ಇದೆ. ಈಗ ಗಲ್ಲಿಗೊಂದು ರನ್ ಕ್ಲಬ್ಬು. ಮನೆಯಿಂದ ಕಬ್ಬನ್ ಪಾರ್ಕಿಗೆ ಕಾರು, ಅಲ್ಲಿ 5 ಕಿ.ಮೀ. ಓಟ, ಓಟಕ್ಕಿಂತ ಜಾಸ್ತಿ ಫೋಟೋ, ಅಲ್ಲಿಂದ ಮತ್ತೆ ಕಾರು ಹತ್ತಿ ಕಾಫಿ ಅಂಗಡಿ. ಅಲ್ಲಿ ಹುಡುಗನೊಬ್ಬ ಚಿಕ್ಕ ತಕ್ಕಡಿಯಲ್ಲಿ ಪುಡಿ ತೂಗಿ, ಕೊಕ್ಕಿನ ಕೆಟಲ್ಲಿನಿಂದ ದಾರದ ಹಾಗೆ ನೀರು ಬಿಟ್ಟು, ಇದರಲ್ಲಿ ಕಿತ್ತಳೆ ಸಿಪ್ಪೆಯ ರುಚಿ ಬರುತ್ತೆ, ಬೆಲ್ಲದ ವಾಸನೆ ಬರುತ್ತೆ ಅನ್ನುತ್ತಾನೆ. ಬಿಲ್ಲು 300 ದಾಟುತ್ತದೆ. ಹಾಲೂ ಇಲ್ಲ, ಸಕ್ಕರೆಯೂ ಇಲ್ಲ. ಬೀಜ ಚಿಕ್ಕಮಗಳೂರಿನದು ಅಂತ ಹೆಮ್ಮೆಯಿಂದ ಹೇಳುತ್ತಾನೆ. ಸರಿ, ದೇಶದ ಕಾಫಿಯಲ್ಲಿ ಹೆಚ್ಚುಕಮ್ಮಿ 70 ಭಾಗ ಕರ್ನಾಟಕದ್ದೇ, ಇನ್ನೆಲ್ಲಿಂದ ತರಬೇಕಿತ್ತು?

(ಬಾಬಾ ಬುಡನ್ ಏಳು ಬೀಜ ಬಚ್ಚಿಟ್ಟುಕೊಂಡು ಯೆಮನ್‌ನಿಂದ ಚಂದ್ರದ್ರೋಣ ಬೆಟ್ಟದವರೆಗೆ ಬಂದರು ಅನ್ನುತ್ತದೆ ಐತಿಹ್ಯ. ಪುಣ್ಯಕ್ಕೆ ದಾರಿಯಲ್ಲಿ ಬಡಾವಣೆ ಪಾರ್ಕು ಇರಲಿಲ್ಲ.)

ದರ್ಶಿನಿಗೆ ಹೋದರೆ ಇದ್ಯಾವ ರಗಳೆಯೂ ಇಲ್ಲ. ಟೋಕನ್ನನ್ನು ಒದ್ದೆ ಕಟ್ಟೆಯ ಮೇಲಿಡಿ. ಕಾಫಿ ಹಾಕುವ ಅಣ್ಣ ಹತ್ತು ಲೋಟ ಸಾಲಾಗಿ ಜೋಡಿಸಿ, ಒಂದೇ ಕೈಯಲ್ಲಿ ಎಲ್ಲದಕ್ಕೂ ಡಿಕಾಕ್ಷನ್ ಸುರಿದು, ಮೇಲಿನಿಂದ ಕುದಿಯುವ ಹಾಲು ಬಿಡುತ್ತಾರೆ. ನೊರೆ ಲೋಟದ ಅಂಚಿಗೆ ಬಂದು ಸರಿಯಾಗಿ ನಿಲ್ಲುತ್ತದೆ. ‘ಒಂದು ಸ್ಟ್ರಾಂಗು, ಒಂದು ಸಕ್ಕರೆ ಕಮ್ಮಿ, ಎರಡು ಬೈಟು’ ಅಂತ ಯಾರು ಯಾವ ಕಡೆಯಿಂದ ಕೂಗಿದರೂ ಅವರಿಗೆ ಗೊಂದಲವಿಲ್ಲ. ತಕ್ಕಡಿ ಇಲ್ಲ. ಚಿಕೋರಿ ಇದೆ, 49 ಭಾಗದವರೆಗೆ ಬೆರೆಸೋಕೆ ಕಾನೂನಿನಲ್ಲೇ ಜಾಗ ಇದೆ. ಕೂರೋಕೆ ಮಾತ್ರ ಜಾಗವಿಲ್ಲ. ಹಾಗಾಗಿ ಅಸಭ್ಯವಾಗಿ ಕೂರುವ ಪ್ರಶ್ನೆಯೇ ಬರೋದಿಲ್ಲ. ಮೂರು ಸುತ್ತು ನಡೆದು ಬಂದ ಹಿರಿಯರು ಇಲ್ಲಿ ಎರಡು ವಡೆ ತಿಂದು, ಮೇಲೊಂದು ಖಾರಾಬಾತ್ ತಿಂದು, ಶುಗರ್ ಇದೆ ಅಂತ ಸಕ್ಕರೆ ಕಮ್ಮಿ ಕಾಫಿ ಹೇಳುತ್ತಾರೆ.

ನನ್ನ ಸ್ನೇಹಿತನೊಬ್ಬ ರನ್ ಕ್ಲಬ್ ಸೇರಿದ್ದಾನೆ. ಕೈಯಲ್ಲಿ ಹೆಜ್ಜೆ, ಎದೆಬಡಿತ, ವೇಗ ಎಲ್ಲಾ ಲೆಕ್ಕ ಹಾಕುವ ಗಡಿಯಾರ. ಮೊನ್ನೆ ಬುಧವಾರ ಓಟ ಮುಗಿಸಿದವನು ಅದನ್ನು ನಿಲ್ಲಿಸೋದು ಮರೆತು, ಹಾಗೇ ಕಾರು ಹತ್ತಿ ಕಾಫಿಗೆ ಹೊರಟ. ಗಂಟೆ ಒಂಬತ್ತಾಗಿತ್ತು. ಕಾಫಿ ಕುಡಿಯುತ್ತಾ ಆಪ್ ತೆಗೆದು ನೋಡಿದರೆ ಮೊದಲ 5 ಕಿ.ಮೀ. ಭೇಷ್ ಅಂತ ಹೊಗಳಿದ್ದ ಗಡಿಯಾರ, ಕಾರಿನಲ್ಲಿ ಕೂತ ಮೇಲಿನ 3 ಕಿ.ಮೀ. ನೋಡಿ, ನಿಮ್ಮ ವೇಗ ಯಾಕೋ ಇಳಿದಿದೆ, ಸುಸ್ತಾಗಿದ್ದರೆ ನಾಳೆ ರೆಸ್ಟ್ ಮಾಡಿ ಅಂದಿತ್ತು.