ಸ್ಪೆಷಲ್ ಹೋಮ್‌ಗಳ ಒಳಗೆ ಸಿಸಿಟಿವಿ ಬೇಕಾ? ಪರ-ವಿರೋಧ

ಪರ: ಬಾಯಿ ಬರದೋರ ಪರ ಸಾಕ್ಷಿ ಹೇಳೋರು ಯಾರು?

ಆಟಿಸಂ ಇರೋರು, ಬುದ್ಧಿ ಬೆಳವಣಿಗೆ ಕಮ್ಮಿ ಇರೋರು ದೊಡ್ಡೋರಾದ ಮೇಲೆ ಅಪ್ಪ ಅಮ್ಮಂಗೂ ವಯಸ್ಸಾಗಿರುತ್ತೆ, ಬೇರೆ ದಾರಿ ಇಲ್ದೆ ಹೋಮ್‌ಗೆ ಸೇರಿಸ್ತಾರೆ. ತಿಂಗಳಿಗೊಂದ್ಸಲ ನೋಡೋಕೆ ಹೋದಾಗ ಮೈಮೇಲೆ ಬಾಸುಂಡೆ ಕಾಣುತ್ತೆ. ಕೇಳಿದ್ರೆ "ಅವ್ನೇ ಗೋಡೆಗೆ ಹೊಡ್ಕೊಂಡ ಸಾರ್" ಅಂತಾರೆ. ಅದು ನಿಜಾನೂ ಇರ್ಬಹುದು, ಕೆಲವರು ಹೊಡ್ಕೊಳ್ತಾರೆ, ಆದ್ರೆ ಸುಳ್ಳಾಗಿದ್ರೆ ಗೊತ್ತಾಗೋದು ಹೇಗೆ, ಹೇಳ್ಬೇಕಾದವನಿಗೆ ಮಾತೇ ಬರಲ್ವಲ್ಲ.

ಇಂಗ್ಲೆಂಡಲ್ಲಿ ಬ್ರಿಸ್ಟಲ್ ಹತ್ರ ವಿಂಟರ್‌ಬೋರ್ನ್ ವ್ಯೂ ಅಂತ ಒಂದು ಪ್ರೈವೇಟ್ ಆಸ್ಪತ್ರೆ ಇತ್ತು, 24 ಬೆಡ್ಡು, ಹೆಸರಿಗೆ ಆಸ್ಪತ್ರೆ, ಆದ್ರೆ ಜನ ಅಲ್ಲೇ ತಿಂಗಳುಗಟ್ಟಲೆ ವರ್ಷಗಟ್ಟಲೆ ಇರ್ತಿದ್ರು. ಒಬ್ಬೊಬ್ಬರಿಗೆ ವಾರಕ್ಕೆ ಸರಾಸರಿ 3,500 ಪೌಂಡ್, ಅದೂ ಸರ್ಕಾರದ ದುಡ್ಡು. ಅಲ್ಲಿನ ಸೀನಿಯರ್ ನರ್ಸ್ ಒಬ್ರು ಮ್ಯಾನೇಜ್‌ಮೆಂಟಿಗೆ ಹೇಳಿದ್ರು, ಇನ್‌ಸ್ಪೆಕ್ಷನ್ ಮಾಡೋ ಕೇರ್ ಕ್ವಾಲಿಟಿ ಕಮಿಷನ್‌ಗೂ ತಿಳಿಸಿದ್ರು, ಯಾರೂ ಕಿವಿಗೆ ಹಾಕ್ಕೊಳ್ಲಿಲ್ಲ. ಕೊನೆಗೆ ಬಿಬಿಸಿ ಟೀವಿಯ ಪನೋರಮಾ ಅನ್ನೋ ತನಿಖಾ ಕಾರ್ಯಕ್ರಮದವರು ಒಬ್ಬ ರಿಪೋರ್ಟರ್‌ನ ಕೆಲಸಗಾರನ ವೇಷದಲ್ಲಿ ಒಳಗೆ ಕಳಿಸಿ ಗುಟ್ಟಾಗಿ ಶೂಟ್ ಮಾಡಿದ್ರು, 2011ರ ಮೇ ತಿಂಗಳಲ್ಲಿ ಟೀವೀಲಿ ಬಂತು, ಹೊಡೆಯೋದು, ಎಳೆದಾಡೋದು, ಬಟ್ಟೆ ಸಮೇತ ಶವರ್ ಕೆಳಗೆ ತಳ್ಳೋದು. ಆಮೇಲೆ ಆಸ್ಪತ್ರೆ ಮುಚ್ತು, 11 ಜನಕ್ಕೆ ಶಿಕ್ಷೆ ಆಯ್ತು, ಅದ್ರಲ್ಲಿ 6 ಜನ ಜೈಲಿಗೆ ಹೋದ್ರು. ಅಲ್ಲಿಗೆ ಎಲ್ರೂ ಪಾಠ ಕಲಿತ್ರಾ? ಇಲ್ಲ. 2019ರಲ್ಲಿ ವೋರ್ಲ್ಟನ್ ಹಾಲ್ ಅನ್ನೋ ಇನ್ನೊಂದು ಕಡೆ ಅದೇ ಕತೆ, ಮತ್ತೆ ಪನೋರಮಾ, ಮತ್ತೆ ಗುಪ್ತ ಕ್ಯಾಮೆರಾ. ಆ ಜಾಗಕ್ಕೆ ಅದೇ ಕಮಿಷನ್ 'ಗುಡ್' ಅಂತ ರೇಟಿಂಗ್ ಕೊಟ್ಟಿತ್ತು!

ಅಂದ್ರೆ ನರ್ಸ್ ಮಾತು ಸಾಲ್ಲಿಲ್ಲ, ಇನ್‌ಸ್ಪೆಕ್ಷನ್ ಸಾಲ್ಲಿಲ್ಲ, ವಿಡಿಯೋ ಬಂದ ಮೇಲೇ ಎಲ್ರಿಗೂ ಎಚ್ಚರ ಆಗಿದ್ದು. ನಮ್ಮೂರಲ್ಲಿ ಪೀಜಿ ಕಾರಿಡಾರ್‌ಗೆ, ಅಪಾರ್ಟ್‌ಮೆಂಟ್ ಲಿಫ್ಟ್‌ಗೆ, ಚಿಲ್ಲರೆ ಅಂಗಡಿಗೂ ಕ್ಯಾಮೆರಾ ಇದೆ, ಬಾಯಿಬಿಟ್ಟು ದೂರು ಹೇಳಕ್ಕಾಗದವರು ಇರೋ ಹಾಲ್‌ಗೆ, ಊಟದ ಮನೆಗೆ ಬೇಡ ಅಂದ್ರೆ ಅದ್ಯಾವ ನ್ಯಾಯ? ಬಾತ್‌ರೂಮಲ್ಲಿ ಹಾಕಿ ಅಂತ ಯಾರೂ ಹೇಳ್ತಿಲ್ಲ. ಇನ್ನೊಂದು, ಒಳ್ಳೆ ಅಟೆಂಡರ್‌ಗೂ ಇದ್ರಿಂದ ಲಾಭ, ಸುಳ್ಳು ಆರೋಪ ಬಂದಾಗ ಅವ್ರ ಪರವಾಗಿ ನಿಲ್ಲೋದೂ ಅದೇ ರೆಕಾರ್ಡಿಂಗು.

ವಿರೋಧ: ಕ್ಯಾಮೆರಾ ಇತ್ತು, ನೋಡೋರು ಇರ್ಲಿಲ್ಲ

ಪರವಾಗಿ ಬರೆದೋರು ಇಂಗ್ಲೆಂಡ್ ಕತೆ ಹೇಳಿ ಪಕ್ಕದ ಉತ್ತರ ಐರ್ಲೆಂಡ್ ಬಿಟ್ಬಿಟ್ರು. ಅಲ್ಲಿ ಮಕಮೋರ್ ಆ್ಯಬಿ ಅಂತ ಇದೇ ಥರದೋರಿಗೆ ಸರ್ಕಾರಿ ಆಸ್ಪತ್ರೆ. ಕ್ಯಾಮೆರಾ ಹಾಕಿದ್ರು, ಓಡ್ತಾ ಇತ್ತು, ಹಲ್ಲೆ ಎಲ್ಲ ಅದರ ಕಣ್ಣೆದುರೇ ನಡೀತು. 2017ರಲ್ಲಿ ಮಾತು ಬರದ ಮಗನ ಅಪ್ಪ ಒಬ್ರು ಜಗ್ಗದೆ ಬೆನ್ನು ಹತ್ತಿ ಕೇಳಿದ ಮೇಲೇ ಆ ಫುಟೇಜ್ ತೆಗೆದು ನೋಡಿದ್ದು. ಪೊಲೀಸರು ನೋಡ್ಬೇಕಾಗಿ ಬಂದಿದ್ದು ಸುಮಾರು 3 ಲಕ್ಷ ಗಂಟೆ! ಸಾಕ್ಷಿ ಸಿಕ್ತು, ಒಪ್ಕೋತೀನಿ, ಕೇಸಾಯ್ತು, ಪಬ್ಲಿಕ್ ಎನ್‌ಕ್ವೈರಿನೂ ಆಯ್ತು. ಆದ್ರೆ ಏಟು ತಪ್ಪಿತಾ?

ವಿಂಟರ್‌ಬೋರ್ನ್‌ದೂ ಹಂಗೇ, ಅಲ್ಲಿ ಮೊದ್ಲು ಕಂಡಿದ್ದು ಮನುಷ್ಯರ ಕಣ್ಣಿಗೆ, ಆ ನರ್ಸ್ ಹೇಳಿದ್ರಲ್ಲ, ಕೇಳಿದ್ರೆ ಬಿಬಿಸಿ ಬರೋದೇ ಬೇಕಿರ್ಲಿಲ್ಲ. ದೂರು ಕೊಟ್ಟೋರ ಮಾತು ಕೇಳದ ಮ್ಯಾನೇಜ್‌ಮೆಂಟು ಹಾರ್ಡ್ ಡಿಸ್ಕ್ ಕೂತು ನೋಡುತ್ತೆ ಅಂತ ನಂಬೋಕೆ ನಂಗಂತೂ ಆಗಲ್ಲ.

ಆಮೇಲೆ ಅದು ಅವ್ರ ಮನೆ ಕಣ್ರೀ. ಒಂದ್ ವಾರ ಅಡ್ಮಿಟ್ ಆಗೋ ವಾರ್ಡಲ್ಲ, ಇಪ್ಪತ್ತು ಮೂವತ್ತು ವರ್ಷ ಬಾಳೋ ಜಾಗ. ಹಾಲ್‌ನಲ್ಲಿ ಮಾತ್ರ ಅಂತ ಶುರುವಾಗುತ್ತೆ, ಆದ್ರೆ ಹೊಡೆಯೋನು ಹಾಲ್‌ನಲ್ಲೇ ಹೊಡೀಬೇಕು ಅಂತ ರೂಲ್ ಇದ್ಯಾ, ರೂಮಿಗೆ ಕರ್ಕೊಂಡು ಹೋಗ್ತಾನೆ, ಆಗ ರೂಮಿಗೂ ಹಾಕಿ ಅಂತೀರ, ಅಲ್ಲಿ ಬಟ್ಟೆ ಬದಲಾಯಿಸ್ತಾರೆ, ಪ್ಯಾಡ್ ಬದಲಾಯಿಸ್ತಾರೆ, ಅದನ್ನೆಲ್ಲ ಆಫೀಸಲ್ಲಿ ಯಾರ್ಯಾರೋ ಕೂತು ನೋಡ್ಬೇಕಾ? ಒಂದು ಕ್ಲಿಪ್ ವಾಟ್ಸಾಪ್‌ಗೆ ಹೋದ್ರೆ ಮುಗೀತು. ಪ್ರೈವಸಿ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳ್ತು, ಆ ಕೇಸ್ ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ಜಡ್ಜ್ ಕೆ.ಎಸ್. ಪುಟ್ಟಸ್ವಾಮಿ ಅವರೇ. ಮಾತು ಬರದೋರಿಗೆ ಆ ಹಕ್ಕು ಅನ್ವಯ ಆಗಲ್ಲ ಅಂತೇನೂ ಕೋರ್ಟ್ ಹೇಳಿಲ್ಲ.

ಹೋಮ್ ಚೆನ್ನಾಗಿದ್ಯಾ ಅನ್ನೋದು ಸ್ಕ್ರೀನಲ್ಲಿ ಕಾಣೋದೂ ಇಲ್ಲ. ಮಿಕ್ಸಿ ಸೌಂಡಿಗೆ ಕಿವಿ ಮುಚ್ಕೊಂಡು ಕಿರುಚೋನನ್ನ ಮೊದ್ಲೇ ಪಕ್ಕದ ರೂಮಿಗೆ ಕರ್ಕೊಂಡು ಹೋಗ್ಬೇಕು ಅಂತ ಗೊತ್ತಿರೋ ಅಟೆಂಡರ್ ಬೇಕು, ಹಂಗೆ ಗೊತ್ತಾಗ್ಬೇಕು ಅಂದ್ರೆ ಆಕೆ ಅಲ್ಲಿ ವರ್ಷಗಟ್ಟಲೆ ಇರ್ಬೇಕು, ಇರ್ಬೇಕು ಅಂದ್ರೆ ಸಂಬಳ ಕೊಡ್ಬೇಕು, ಒಬ್ರ ತಲೆಗೆ ಹದಿನೈದು ಜನ ಕಟ್ಟಬಾರದು. ಇಂಗ್ಲೆಂಡಲ್ಲಿ 2017ರಲ್ಲೇ ಹೊಸ ಹೋಮ್‌ಗಳು ಸಾಮಾನ್ಯವಾಗಿ 6 ಜನಕ್ಕಿಂತ ದೊಡ್ಡದಾಗ್ಬಾರದು ಅಂತ ಗೈಡ್‌ಲೈನ್ ತಂದ್ರು, ಅಲ್ಲಿ ಎಲ್ಲ ಸರಿಹೋಗಿದೆ ಅಂತಲ್ಲ, ಆದ್ರೆ ಯೋಚನೆ ಮಾಡ್ಬೇಕಾದ ದಿಕ್ಕು ಅದು. ಕ್ಯಾಮೆರಾ ಒಂದೇ ಸಲದ ಖರ್ಚು, ಸಂಬಳ ತಿಂಗಳ ಖರ್ಚು, ಅದಕ್ಕೇ ಹೋಮ್ ನಡೆಸೋರಿಗೂ ಕ್ಯಾಮೆರಾನೇ ಇಷ್ಟ.

ಹೋಮ್ ನೋಡೋಕೆ ಹೋಗೋ ಅಪ್ಪ ಅಮ್ಮ ಕ್ಯಾಮೆರಾ ಎಣಿಸೋ ಬದ್ಲು ರಾತ್ರಿ ಡ್ಯೂಟೀಲಿ ಎಷ್ಟು ಜನ ಇರ್ತಾರೆ, ಈಗಿರೋ ಅಟೆಂಡರ್‌ಗಳು ಎಷ್ಟು ವರ್ಷದಿಂದ ಇದಾರೆ, ಫೋನ್ ಮಾಡದೆ ದಿಢೀರ್ ಅಂತ ಬಂದ್ರೆ ಗೇಟ್ ತೆಗೀತಾರಾ, ಇಷ್ಟು ಕೇಳ್ಲಿ.