ಜ್ವರದಲ್ಲೇ ಜಾತಕ ಬರೆಸಿ!

ಕಾಲು ಊದಿದೆ, ಸ್ಕ್ಯಾನಿನಲ್ಲಿ ಹೆಪ್ಪು ಕಂಡಿದೆ, ಮೇಲೊಂದಿಷ್ಟು ನ್ಯುಮೋನಿಯಾ. 'ಥ್ರಾಂಬೋಫಿಲಿಯಾ ಪ್ಯಾಕೇಜ್' (ರಕ್ತ ಹೆಪ್ಪುಗಟ್ಟುವ ಪ್ರವೃತ್ತಿ ಹುಟ್ಟಿನಿಂದಲೇ ಇದೆಯೇ ಎಂದು ಹುಡುಕುವ ರಕ್ತಪರೀಕ್ಷೆಗಳ ಕಂತೆ) ಮಾಡಿಸಲು ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗದು. ಪ್ರೋಟೀನ್ ಸಿ, ಪ್ರೋಟೀನ್ ಎಸ್, ಆಂಟಿಥ್ರಾಂಬಿನ್ ಪೈಕಿ ಒಂದಾದರೂ ಕಡಿಮೆ ಬಂದೀತೆಂಬ ಭರವಸೆ ಇಡಿ. ಕೊಟ್ಟ ದುಡ್ಡಿಗೆ ಒಂದು ಕಾಯಿಲೆಯೂ ಸಿಗದಿದ್ದರೆ ಅದೆಂಥ ಪ್ಯಾಕೇಜು?

ಹೆಪ್ಪು ಅತಿಯಾಗದಂತೆ ನೋಡಿಕೊಳ್ಳುವವರೇ ಈ ಮೂವರು. ರಕ್ತನಾಳದ ಒಳಪದರದಲ್ಲಿ ಥ್ರಾಂಬೋಮಾಡ್ಯುಲಿನ್ ಎಂಬ ಪ್ರೋಟೀನ್ ಕೂತಿರುತ್ತದೆ. ಹೆಪ್ಪು ಕಟ್ಟಿಸುವ ಥ್ರಾಂಬಿನ್ ಅದಕ್ಕೆ ಅಂಟಿತೋ, ಹೊಲ ಮೇಯುತ್ತಿದ್ದ ಎತ್ತೇ ಕಾವಲಿಗೆ ನಿಂತಂತೆ: ಪ್ರೋಟೀನ್ ಸಿಯನ್ನು ಎಬ್ಬಿಸುತ್ತದೆ. ಎದ್ದ ಸಿ, ಎಸ್ ಜೊತೆಗೂಡಿ ಹೆಪ್ಪು ಬೆಳೆಸುವ 5ಎ, 8ಎ ಫ್ಯಾಕ್ಟರುಗಳನ್ನು ಕತ್ತರಿಸುತ್ತದೆ. ಉರಿಯೂತ ಬಂದರೆ ಅದರ ಸಂದೇಶವಾಹಕ ಟಿಎನ್‌ಎಫ್ ಥ್ರಾಂಬೋಮಾಡ್ಯುಲಿನ್ ತಯಾರಿಯನ್ನೇ ಇಳಿಸುತ್ತದೆ. ಇದ್ದಬದ್ದದ್ದನ್ನು ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳ ಎಲಾಸ್ಟೇಸ್ ಕಿಣ್ವ ಕೊಯ್ದು ಹಾಕುತ್ತದೆ. ಇತ್ತ ಇನ್ನೊಂದು ಸಂದೇಶವಾಹಕ ಐಎಲ್-6, ಬಿಳಿ ರಕ್ತಕಣಗಳೇ ಆದ ಮಾನೋಸೈಟ್‌ಗಳ ಮೇಲೆ ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನ್ ಮೂಡಿಸಿ ಹೆಪ್ಪಿಗೆ ಚಾಲನೆ ಕೊಡುತ್ತದೆ. ಆಂಟಿಥ್ರಾಂಬಿನ್ ಒಂದೊಂದು ಥ್ರಾಂಬಿನ್ನನ್ನು ಹಿಡಿದಂತೆಲ್ಲ ತಾನೂ ಒಂದೊಂದಾಗಿ ಖರ್ಚಾಗುತ್ತದೆ. ಬೆಂಕಿ ಆರಿಸುತ್ತಿರುವ ಟ್ಯಾಂಕರಿನ ಮುಚ್ಚಳ ತೆಗೆದು, 'ಇದರಲ್ಲಿ ಹುಟ್ಟಿನಿಂದಲೇ ನೀರಿಲ್ಲ' ಎಂದು ಷರಾ ಬರೆಯುವ ಘನಕಾರ್ಯ ಈ ಹೊತ್ತಿನಲ್ಲಿ ನಡೆಯಬೇಕು.

ಜ್ವರ ಇಲ್ಲದವರು ನಿರಾಶರಾಗಬೇಡಿ. ಹೆಪ್ಪು ತಡೆಯುವ ಹೆಪಾರಿನ್ ಚುಚ್ಚುಮದ್ದು ಕೆಲವು ದಿನ ನಡೆದರೆ ಆಂಟಿಥ್ರಾಂಬಿನ್ ಇಳಿಯುತ್ತದೆ. ಅದೇ ಕೆಲಸದ ಗುಳಿಗೆ ವಾರ್ಫರಿನ್ ನುಂಗುತ್ತಿದ್ದರೆ ಇನ್ನೂ ಸುಲಭ. ಸಿ, ಎಸ್ ಎರಡಕ್ಕೂ ಬೇಕಾದ ವಿಟಮಿನ್ ಕೆ ಕೆಲಸವನ್ನೇ ಅದು ತಡೆಯುತ್ತದಲ್ಲ, ಜೋಡಿಯಾಗಿಯೇ ಬೀಳುತ್ತವೆ. ಬಸುರಿಯರಿಗೆ ಎಸ್ ತಾನಾಗಿಯೇ ಕಡಿಮೆ. ಹೆಪ್ಪು ತಡೆಯುವ ಇನ್ನೊಂದು ಗುಳಿಗೆ ರಿವರಾಕ್ಸಾಬಾನ್ ಮಾತ್ರ ನಂಬಿಕೆಗೆ ಅರ್ಹವಲ್ಲ: ಹೆಪ್ಪುಗಟ್ಟುವ ಸಮಯ ಅಳೆದು ಲೆಕ್ಕ ಹಾಕುವ ವಿಧಾನದಲ್ಲಿ ಅದು ನಿಜವಾದ ಕೊರತೆಯನ್ನೂ 'ನಾರ್ಮಲ್' ಮಾಡಿ ವ್ಯಾಪಾರ ಕೆಡಿಸೀತು.

ವರದಿ ಬಂತು. ಪ್ರೋಟೀನ್ ಸಿ 48%, ದಪ್ಪಕ್ಷರ, ಕೆಳಮುಖದ ಕೆಂಪು ಬಾಣ. ಕೆಳಗೆ ಸಣ್ಣಕ್ಷರದಲ್ಲಿ 'ಚಿಕಿತ್ಸೆಯ ಹಿನ್ನೆಲೆಯಲ್ಲಿ ಅರ್ಥೈಸಿಕೊಳ್ಳಿ'. ಸಣ್ಣಕ್ಷರ ಓದುವುದು ನಮ್ಮಲ್ಲಿ ವಾಡಿಕೆಯಿಲ್ಲ. 'ವಂಶಪಾರಂಪರ್ಯ ಕೊರತೆ' ಎಂದು ಫೈಲಿನ ಮೇಲೆ ಬಿತ್ತು.

ರಕ್ತಶಾಸ್ತ್ರ ಬಲ್ಲ ಕೆಲವು ಹಟಮಾರಿಗಳಿದ್ದಾರೆ. ಹೆಪ್ಪು ಕಂಡು 3 ತಿಂಗಳಾಗಲಿ ಅಂತಾರೆ. ವಾರ್ಫರಿನ್ ನಿಲ್ಲಿಸಬಹುದೆಂದು ವೈದ್ಯರೇ ಹೇಳಿ, ನಿಲ್ಲಿಸಿ ಕನಿಷ್ಠ 2 ವಾರ ಕಳೆಯಲಿ ಅಂತಾರೆ. ಕಡಿಮೆ ಬಂದರೆ ಮತ್ತೊಮ್ಮೆ ನೋಡೋಣ ಅಂತಾರೆ. ಫಲಿತಾಂಶದಿಂದ ಚಿಕಿತ್ಸೆ ಬದಲಾಗದಿದ್ದರೆ ಪರೀಕ್ಷೆಯೇ ಬೇಡವಂತೆ!

ಅವರು ಮಾತು ಮುಗಿಸುವಷ್ಟರಲ್ಲಿ ವರದಿ ವಾಟ್ಸಾಪಿನಲ್ಲಿ ಬೀಗರ ಮನೆ ತಲುಪಿದೆ. ತಮ್ಮ, ತಂಗಿ, ಚಿಕ್ಕಪ್ಪನ ಮಕ್ಕಳು ತೋಳು ಮಡಿಸಿಕೊಂಡು ಲ್ಯಾಬಿನ ಸಾಲಿನಲ್ಲಿದ್ದಾರೆ. ನಾಲ್ವರು ಒಟ್ಟಿಗೆ ಬಂದರೆ ರಿಯಾಯಿತಿ ಉಂಟು.